ಟರ್ಮಿನಲ್ ರೇಟು, ಬೇಸಿಸ್, ಮಾರ್ಜಿನ್, ಪುಟ್: ಕಾಫಿ ಬೆಳೆಗಾರರಿಗೆ ಡೆರಿವೇಟಿವ್ ಪದಗಳ ಮಾರ್ಗದರ್ಶಿ

ಕೊಯ್ಲು ಹತ್ತಿರ ಬಂತೆಂದರೆ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ, ಬೇಲೂರು ಕಡೆಯಿಂದ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಬಗೆಯವು. "ಲಂಡನ್ ನೂರು ಡಾಲರ್ ಏರಿದೆಯಂತೆ, ನಮಗೆ ಚೀಲಕ್ಕೆ ಎಷ್ಟು ಏರಬೇಕು?" "ವ್ಯಾಪಾರಿ ಮಾರ್ಚ್ ಮೈನಸ್ ಲೆಕ್ಕದಲ್ಲಿ ಕೊಡಿ ಅಂತಾರೆ, ಹಾಗಂದರೇನು?" "ಮಗ ಮೊಬೈಲಿನಲ್ಲಿ ಆಪ್ಷನ್ ಮಾಡ್ತಾನೆ, ಅದೂ ಇದೂ ಒಂದೇನಾ?"

ಇವೆಲ್ಲಕ್ಕೂ ಉತ್ತರ ಡೆರಿವೇಟಿವ್ ಒಪ್ಪಂದದ ಪದಗಳಲ್ಲೇ ಇದೆ. ಆ ಪದಗಳು ನೂರಾರಿವೆ. ಅಕಾರಾದಿಯಾಗಿ ಕಲಿಯಲು ಹೊರಟರೆ ಎರಡನೇ ದಿನಕ್ಕೇ ಬೇಸರ ಬರುತ್ತದೆ. ನಿಮ್ಮ ಹಣಕ್ಕೆ ಅವು ತಾಗುವ ಕ್ರಮದಲ್ಲಿ ಕಲಿತರೆ ನೆನಪಿನಲ್ಲಿ ಉಳಿಯುತ್ತವೆ. ಆ ಕ್ರಮದಲ್ಲಿ ನೋಡಿದರೆ ಬೆಳೆಗಾರರು ಮನಸ್ಸಿಟ್ಟು ಕಲಿಯಲೇಬೇಕಾದವು ಎರಡು: ಬೇಸಿಸ್ ಮತ್ತು ಮಾರ್ಜಿನ್. ಈ ಲೇಖನದ ಹೆಚ್ಚಿನ ಜಾಗ ಅವಕ್ಕೇ ಮೀಸಲು.

ಓದುವಾಗ ಜೊತೆಗಿರಲಿ: ಒಂದು ಕ್ಯಾಲ್ಕುಲೇಟರ್, ಕಳೆದ ವರ್ಷದ ಮಾರಾಟದ ಬಿಲ್ಲುಗಳು, ಕ್ಯೂರಿಂಗ್ ವರ್ಕ್ಸ್ (ಕಾಫಿಯ ಸಿಪ್ಪೆ ತೆಗೆದು ಹಸನು ಮಾಡುವ ಕಾರ್ಖಾನೆ) ಕೊಟ್ಟ ಔಟ್‌ಟರ್ನ್ ಚೀಟಿ, ಅಂದರೆ ಒಂದು ಚೀಲಕ್ಕೆ ಎಷ್ಟು ಕೆಜಿ ಕ್ಲೀನ್ ಕಾಫಿ ಬಂತೆಂಬ ಚೀಟಿ, ಮತ್ತು ನಿಮ್ಮ ಕೈಯಲ್ಲಿ ಯಾವುದಾದರೂ ಒಪ್ಪಂದದ ಕಾಗದ ಇದ್ದರೆ ಅದು. ಕೆಳಗಿನ ಉದಾಹರಣೆಗಳಲ್ಲಿ ಬರುವ ದರಗಳನ್ನು ಲೆಕ್ಕ ತೋರಿಸಲೆಂದು ಇಟ್ಟುಕೊಂಡಿದ್ದೇವೆ. ಡಾಲರಿಗೆ ಎಲ್ಲ ಕಡೆ 85 ರೂಪಾಯಿ ಹಿಡಿದಿದ್ದೇವೆ. ನೀವು ಲೆಕ್ಕ ಹಾಕುವಾಗ ಆ ದಿನದ ದರ ಹಾಕಿಕೊಳ್ಳಿ.

1. ಮೊದಲು ಒಪ್ಪಂದ ಯಾವ ಜಾತಿಯದೆಂದು ಗುರುತಿಸಿ

ಇವತ್ತು ಕಾಫಿ ಕೊಟ್ಟು ಇವತ್ತಿನ ದರಕ್ಕೆ ಹಣ ಎಣಿಸಿಕೊಂಡರೆ ಅದು ಸ್ಪಾಟ್ ಮಾರಾಟ. ಅದರಲ್ಲಿ ಡೆರಿವೇಟಿವ್ ಏನೂ ಇಲ್ಲ. ಮುಂದಿನ ಒಂದು ದಿನಕ್ಕೆ, ಇಂದೇ ಗೊತ್ತುಮಾಡಿದ ದರಕ್ಕೆ ಅಥವಾ ಇಂದೇ ಗೊತ್ತುಮಾಡಿದ ಸೂತ್ರಕ್ಕೆ ಕೊಡು-ಕೊಳ್ಳುವ ಕರಾರು ಆದರೆ ಅದು ಡೆರಿವೇಟಿವ್. ಯಾವ ವಸ್ತುವಿನ ದರದ ಮೇಲೆ ಕರಾರು ನಿಂತಿದೆಯೋ ಅದನ್ನು ಅಂಡರ್‌ಲೈಯಿಂಗ್, ಅಂದರೆ ಆಧಾರ ಸ್ವತ್ತು, ಎನ್ನುತ್ತಾರೆ. ನಿಮಗೆ ಕಾಫಿ ಆಧಾರ, ಮೊಬೈಲಿನಲ್ಲಿ ನಿಫ್ಟಿ ಆಡುವ ಹುಡುಗನಿಗೆ ಷೇರು ಸೂಚ್ಯಂಕ ಆಧಾರ. ಪದಗಳು ಇಬ್ಬರಿಗೂ ಅವೇ.

ಫಾರ್ವರ್ಡ್: ಇಬ್ಬರ ನಡುವೆ ನೇರವಾಗಿ ಆಗುವ ಮುಂಗಡ ಮಾರಾಟದ ಕರಾರು. ಷರತ್ತು ಏನಿರಬೇಕು ಎಂಬುದು ಆ ಇಬ್ಬರಿಗೇ ಬಿಟ್ಟದ್ದು. ವ್ಯಾಪಾರಿಯ ಜೊತೆ "ಫೆಬ್ರವರಿಗೆ ನೂರು ಚೀಲ, ಇಂತಿಷ್ಟು ರೇಟು" ಎಂದು ಬರೆದುಕೊಂಡರೆ ಅದು ಫಾರ್ವರ್ಡ್. ಹಾಸನ ಜಿಲ್ಲೆಯ ಆಲೂಗಡ್ಡೆ ಬೆಳೆಗಾರರು ಚಿಪ್ಸ್ ಕಂಪನಿಗಳ ಜೊತೆ ಮೊದಲೇ ದರ ಗೊತ್ತುಮಾಡಿ ಮಾಡಿಕೊಳ್ಳುವ ಒಪ್ಪಂದವೂ ಇದೇ ಜಾತಿಯದು.

ಫ್ಯೂಚರ್ಸ್: ಅದೇ ಕರಾರು, ಆದರೆ ವಿನಿಮಯ ಕೇಂದ್ರದಲ್ಲಿ ನಡೆಯುವಂಥದ್ದು. ಪ್ರಮಾಣ, ಗುಣಮಟ್ಟ, ತಿಂಗಳು ಎಲ್ಲವನ್ನೂ ಕೇಂದ್ರವೇ ನಿಗದಿ ಮಾಡಿರುತ್ತದೆ, ಚೌಕಾಸಿಗೆ ಉಳಿಯುವುದು ದರ ಒಂದೇ. ಕೊಳ್ಳುವವರಿಗೂ ಮಾರುವವರಿಗೂ ನಡುವೆ ಕ್ಲಿಯರಿಂಗ್ ಸಂಸ್ಥೆ ನಿಂತು ಎರಡೂ ಕಡೆಗೆ ಹೊಣೆ ಹೊರುತ್ತದೆ. ಹಾಗಾಗಿ ಎದುರಿನವರು ಕೈ ಎತ್ತಿದರೆ ಗತಿಯೇನು ಎಂಬ ಭಯ, ಅಂದರೆ ಕೌಂಟರ್‌ಪಾರ್ಟಿ ರಿಸ್ಕ್, ಇಲ್ಲಿ ಬಹಳ ಕಡಿಮೆ. ಫಾರ್ವರ್ಡ್‌ನಲ್ಲಿ ಆ ಭಯ ಪೂರ್ತಿ ನಿಮ್ಮದೇ.

ಆಪ್ಷನ್: ಕೊಳ್ಳುವ ಅಥವಾ ಮಾರುವ ಹಕ್ಕನ್ನಷ್ಟೇ ದುಡ್ಡು ಕೊಟ್ಟು ಪಡೆಯುವುದು. ಬೇಡವೆಂದರೆ ಬಿಟ್ಟುಬಿಡಬಹುದು. ಇದರ ವಿವರ ಎಂಟನೇ ಹಂತದಲ್ಲಿದೆ.

ಸ್ವಾಪ್ ಎಂದರೆ ಏರಿಳಿಯುವ ದರವನ್ನು ಸ್ಥಿರ ದರಕ್ಕೆ ಅದಲುಬದಲು ಮಾಡಿಕೊಳ್ಳುವ ಒಪ್ಪಂದ. ಬ್ಯಾಂಕುಗಳು ಮತ್ತು ದೊಡ್ಡ ಕಂಪನಿಗಳ ನಡುವೆ ನಡೆಯುತ್ತದೆ. ತೋಟದ ಮಟ್ಟಕ್ಕೆ ಬರುವುದಿಲ್ಲ, ಹೆಸರು ಗೊತ್ತಿದ್ದರೆ ಸಾಕು.

2. ಪರದೆಯ ಮೇಲಿನ ಸಾಲು ಓದಿ

ಕಾಫಿ ವ್ಯಾಪಾರದಲ್ಲಿ "ಟರ್ಮಿನಲ್" ಎಂದರೆ ಫ್ಯೂಚರ್ಸ್ ಮಾರುಕಟ್ಟೆ. ಅರೇಬಿಕಾಕ್ಕೆ ನ್ಯೂಯಾರ್ಕ್, ರೊಬಸ್ಟಾಕ್ಕೆ ಲಂಡನ್. ಎರಡೂ ಐಸ್ ಎಂಬ ವಿನಿಮಯ ಸಂಸ್ಥೆಗೆ ಸೇರಿದವು, ಆದರೆ ಅಳತೆ ಬೇರೆ ಬೇರೆ. ಎಡವುವುದು ಇಲ್ಲೇ.

ನ್ಯೂಯಾರ್ಕಿನ 'ಕಾಫಿ ಸಿ' ಒಪ್ಪಂದದ ಒಂದು ಲಾಟ್, ಅಂದರೆ ಒಂದು ಒಪ್ಪಂದದ ನಿಗದಿತ ಪ್ರಮಾಣ, 37,500 ಪೌಂಡ್. ನಮ್ಮ ಲೆಕ್ಕದಲ್ಲಿ ಸುಮಾರು 17 ಟನ್ ಕ್ಲೀನ್ ಕಾಫಿ, ಅಂದರೆ ಸಿಪ್ಪೆ ತೆಗೆದ ಬೀಜ. 50 ಕೆಜಿ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ ಕಾಫಿ) ಚೀಲಕ್ಕೆ 40 ಕೆಜಿ ಔಟ್‌ಟರ್ನ್ ಹಿಡಿದರೆ ಹತ್ತಿರ ಹತ್ತಿರ 425 ಚೀಲ. ದರ ಪೌಂಡಿಗೆ ಇಷ್ಟು ಅಮೆರಿಕನ್ ಸೆಂಟ್ ಎಂದಿರುತ್ತದೆ. ತಿಂಗಳುಗಳು ಮಾರ್ಚ್, ಮೇ, ಜುಲೈ, ಸೆಪ್ಟೆಂಬರ್, ಡಿಸೆಂಬರ್. ಡೆಲಿವರಿಗೆ ಒಪ್ಪುವ ದೇಶಗಳ ಪಟ್ಟಿಯಲ್ಲಿ ಭಾರತವೂ ಇದೆ.

ಲಂಡನ್ ರೊಬಸ್ಟಾದ ಲಾಟ್ 10 ಟನ್. ಚೆರ್ರಿ (ಇಡೀ ಹಣ್ಣನ್ನೇ ಒಣಗಿಸಿದ ಕಾಫಿ) ಚೀಲಕ್ಕೆ 26 ಕೆಜಿ ಔಟ್‌ಟರ್ನ್ ಬಂದರೆ ಸುಮಾರು 385 ಚೀಲ. ದರ ಟನ್ನಿಗೆ ಇಷ್ಟು ಡಾಲರ್. ತಿಂಗಳುಗಳು ಜನವರಿ, ಮಾರ್ಚ್, ಮೇ, ಜುಲೈ, ಸೆಪ್ಟೆಂಬರ್, ನವೆಂಬರ್.

ಟಿಕ್ ಎಂದರೆ ದರ ಅಲುಗಾಡಬಹುದಾದ ಕನಿಷ್ಠ ಮೊತ್ತ. ಲಂಡನ್‌ನಲ್ಲಿ ಟನ್ನಿಗೆ 1 ಡಾಲರ್, ಅಂದರೆ ಲಾಟಿಗೆ 10 ಡಾಲರ್. ನ್ಯೂಯಾರ್ಕಿನಲ್ಲಿ ಪೌಂಡಿಗೆ 0.05 ಸೆಂಟ್, ಲಾಟಿಗೆ 18.75 ಡಾಲರ್.

ತಿಂಗಳಿಗೆ ಅಕ್ಷರ ಸಂಕೇತಗಳಿವೆ: ಜನವರಿಗೆ ಎಫ್, ಮಾರ್ಚ್‌ಗೆ ಎಚ್, ಮೇಗೆ ಕೆ, ಜುಲೈಗೆ ಎನ್, ಸೆಪ್ಟೆಂಬರ್‌ಗೆ ಯು, ನವೆಂಬರ್‌ಗೆ ಎಕ್ಸ್, ಡಿಸೆಂಬರ್‌ಗೆ ಝಡ್. ಅರೇಬಿಕಾದ ಸಂಕೇತ ಕೆಸಿ. ಕೆಸಿ ಆದಮೇಲೆ ಎಚ್, ಅದರ ಮುಂದೆ ವರ್ಷದ ಅಂಕಿ ಕಂಡರೆ ಆ ವರ್ಷದ ಮಾರ್ಚ್ ಅರೇಬಿಕಾ ಎಂದು ಓದಿಕೊಳ್ಳಿ.

ಸೆಟಲ್‌ಮೆಂಟ್ ದರ ಎಂದರೆ ಆ ದಿನದ ವಹಿವಾಟು ಮುಗಿದಾಗ ಕೇಂದ್ರ ಅಧಿಕೃತವಾಗಿ ಗೊತ್ತುಮಾಡುವ ದರ. ನಮ್ಮ ಗಡಿಯಾರದಲ್ಲಿ ಲಂಡನ್ ಶುರುವಾಗುವುದೇ ಮಧ್ಯಾಹ್ನ, ಮುಗಿಯುವುದು ರಾತ್ರಿ. ಬೆಳಿಗ್ಗೆ ಎಂಟಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಬರುವ "ಇವತ್ತಿನ ಲಂಡನ್" ನಿನ್ನೆ ರಾತ್ರಿಯ ಸೆಟಲ್‌ಮೆಂಟ್ ಅಷ್ಟೆ. ಅದರ ಮೇಲೆ ಮಧ್ಯಾಹ್ನ ನಾಲ್ಕಕ್ಕೆ ರೇಟು ಗೊತ್ತುಮಾಡಲು ಹೋಗಬೇಡಿ, ಅಷ್ಟರಲ್ಲಿ ಪರದೆ ಬದಲಾಗಿರುತ್ತದೆ.

ವಾಲ್ಯೂಮ್ ಎಂದರೆ ಆ ದಿನ ಕೈ ಬದಲಾದ ಲಾಟುಗಳು. ಓಪನ್ ಇಂಟರೆಸ್ಟ್ ಎಂದರೆ ಇನ್ನೂ ಚುಕ್ತಾ ಆಗದೆ ತೆರೆದುಕೊಂಡಿರುವ ಲಾಟುಗಳು. ಓಪನ್ ಇಂಟರೆಸ್ಟ್ ಯಾವ ತಿಂಗಳಿನಲ್ಲಿ ಹೆಚ್ಚಿದೆಯೋ ವ್ಯಾಪಾರಿಗಳ ಕಣ್ಣು ಆ ತಿಂಗಳ ಮೇಲಿದೆ ಎಂದರ್ಥ. ಎಲ್ಲ ತಿಂಗಳಿಗೂ ಒಂದೇ "ಲಂಡನ್ ರೇಟು" ಇರುವುದಿಲ್ಲ. ಯಾರಾದರೂ ಲಂಡನ್ ಎಂದರೆ "ಯಾವ ತಿಂಗಳದು?" ಎಂದು ತಿರುಗಿ ಕೇಳುವ ಅಭ್ಯಾಸ ಮಾಡಿಕೊಳ್ಳಿ.

3. ಟರ್ಮಿನಲ್ ದರವನ್ನು ಚೀಲಕ್ಕೆ ಇಳಿಸಿ

ರೊಬಸ್ಟಾ ಸುಲಭ. ಲಂಡನ್ 4,000 ಡಾಲರ್ ಇದ್ದರೆ, ಗುಣಿಸು 85, ಟನ್ನಿಗೆ 3,40,000 ರೂಪಾಯಿ, ಕ್ಲೀನ್ ಕಾಫಿ ಕೆಜಿಗೆ 340. ನಿಮ್ಮ ಚೆರ್ರಿ ಚೀಲದ ಔಟ್‌ಟರ್ನ್ 26 ಆದರೆ 340 ಗುಣಿಸು 26, ಚೀಲಕ್ಕೆ 8,840 ರೂಪಾಯಿ.

ಅರೇಬಿಕಾಕ್ಕೆ ಒಂದು ಹೆಜ್ಜೆ ಹೆಚ್ಚು. ನ್ಯೂಯಾರ್ಕ್ 300 ಸೆಂಟ್ ಎಂದರೆ ಪೌಂಡಿಗೆ 3 ಡಾಲರ್. ಒಂದು ಕೆಜಿಗೆ 2.2046 ಪೌಂಡ್, ಹಾಗಾಗಿ ಕೆಜಿಗೆ 6.61 ಡಾಲರ್, ಅಂದರೆ ಸುಮಾರು 562 ರೂಪಾಯಿ. ಪಾರ್ಚ್‌ಮೆಂಟ್ ಔಟ್‌ಟರ್ನ್ 40 ಆದರೆ ಚೀಲಕ್ಕೆ ಸುಮಾರು 22,480.

ಬಾಯಿಲೆಕ್ಕಕ್ಕೆ ಎರಡು ಅಂಕಿ ಇಟ್ಟುಕೊಳ್ಳಿ. ಡಾಲರಿಗೆ 85ರಂತೆ ಲಂಡನ್ 100 ಡಾಲರ್ ಸರಿದರೆ 26 ಔಟ್‌ಟರ್ನ್ ಚೆರ್ರಿ ಚೀಲಕ್ಕೆ 221 ರೂಪಾಯಿ. ನ್ಯೂಯಾರ್ಕ್ 10 ಸೆಂಟ್ ಸರಿದರೆ 40 ಔಟ್‌ಟರ್ನ್ ಪಾರ್ಚ್‌ಮೆಂಟ್ ಚೀಲಕ್ಕೆ ಸುಮಾರು 750 ರೂಪಾಯಿ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಔಟ್‌ಟರ್ನನ್ನು ಅಂದಾಜಿನಲ್ಲಿ ಹಿಡಿಯುವುದು. ಕೆಜಿಗೆ 340ರ ದರದಲ್ಲಿ 26ರ ಬದಲು 24.5 ಬಂದರೆ ಚೀಲಕ್ಕೆ 510 ರೂಪಾಯಿ ಹೋಯಿತು. ಲಂಡನ್ 200 ಡಾಲರ್ ಬಿದ್ದರೂ ಅಷ್ಟು ಹೋಗುವುದಿಲ್ಲ. ರಾತ್ರಿಯೆಲ್ಲ ಲಂಡನ್ ನೋಡುತ್ತ ಕೂರುವವರು ಕಣದಲ್ಲಿ ಒಣಗಿಸುವ ಕೆಲಸಕ್ಕೆ ಅದರ ಅರ್ಧ ಗಮನ ಕೊಟ್ಟರೂ ಲಾಭವಿದೆ.

4. ಬೇಸಿಸ್ ಲೆಕ್ಕ ಹಾಕಿ, ಪುಸ್ತಕದಲ್ಲಿ ಬರೆದಿಡಿ

ಸ್ಥಳೀಯ ದರದಿಂದ ಟರ್ಮಿನಲ್ ದರ ಕಳೆದರೆ ಉಳಿಯುವುದೇ ಬೇಸಿಸ್. ಮೇಲಿನ ಉದಾಹರಣೆಯಲ್ಲಿ ಲಂಡನ್ ಕೆಜಿಗೆ 340 ಕೊಡುತ್ತಿರುವಾಗ ನಿಮ್ಮ ಊರಿನ ವ್ಯಾಪಾರಿ ಔಟ್‌ಟರ್ನ್ ಕೆಜಿಗೆ 320 ಹೇಳಿದರೆ ಬೇಸಿಸ್ ಮೈನಸ್ 20.

ಆ 20 ರೂಪಾಯಿ ಎಲ್ಲಿ ಹೋಯಿತು? ಒಂದಷ್ಟು ಕ್ಯೂರಿಂಗ್ ಕೂಲಿಗೆ, ಒಂದಷ್ಟು ಗೋಣಿ ಮತ್ತು ಬಂದರಿಗೆ ಹೋಗುವ ಲಾರಿ ಬಾಡಿಗೆಗೆ, ಒಂದಷ್ಟು ರಫ್ತುದಾರರ ಬಡ್ಡಿ ಮತ್ತು ಲಾಭಕ್ಕೆ. ಇದರ ಮೇಲೆ ಡಿಫರೆನ್ಷಿಯಲ್ ಬರುತ್ತದೆ. ವಿದೇಶದ ಖರೀದಿದಾರರು ಆ ಮೂಲದ, ಆ ಗ್ರೇಡಿನ ಕಾಫಿಗೆ ಟರ್ಮಿನಲ್ ದರದ ಮೇಲೆ ಕೂಡಿಸುವ ಅಥವಾ ಕಳೆಯುವ ಮೊತ್ತಕ್ಕೆ ಈ ಹೆಸರು. ಒಳ್ಳೆ ಗ್ರೇಡಿಗೆ ಪ್ಲಸ್ ಸಿಗುತ್ತದೆ, ಆಗ ಬೇಸಿಸ್ ಕುಗ್ಗುತ್ತದೆ, ಕೆಲವೊಮ್ಮೆ ಪ್ಲಸ್ಸಿಗೇ ಹೋಗುತ್ತದೆ.

ಒಂದು ನೋಟ್‌ಬುಕ್ ಇಟ್ಟು ಪ್ರತಿ ವಾರ ಒಂದೇ ಗೊತ್ತಾದ ದಿನ ಐದು ಅಂಕಣ ತುಂಬಿ: ದಿನಾಂಕ, ಲಂಡನ್ ಅಥವಾ ನ್ಯೂಯಾರ್ಕ್ ಸೆಟಲ್‌ಮೆಂಟ್ (ತಿಂಗಳ ಹೆಸರಿನೊಂದಿಗೆ), ಡಾಲರ್ ದರ, ಸ್ಥಳೀಯ ದರ, ಬೇಸಿಸ್. ಎರಡು ಹಂಗಾಮು ಬರೆದರೆ ಯಾವ ತಿಂಗಳು ನಿಮ್ಮ ಊರಿನ ಬೇಸಿಸ್ ಕೆಡುತ್ತದೆ, ಯಾವ ತಿಂಗಳು ಸುಧಾರಿಸುತ್ತದೆ ಎಂದು ನಿಮಗೇ ಕಾಣುತ್ತದೆ. ರೊಬಸ್ಟಾ ಕೊಯ್ಲು ಮುಗಿದು ಎಲ್ಲರ ಚೀಲವೂ ಒಟ್ಟಿಗೆ ಮಾರುಕಟ್ಟೆಗೆ ಬಿದ್ದಾಗ ಬೇಸಿಸ್ ಸಾಮಾನ್ಯವಾಗಿ ಅಗಲವಾಗುತ್ತದೆ, ಅಂದರೆ ಮೈನಸ್ ಹೆಚ್ಚುತ್ತದೆ. ವ್ಯಾಪಾರಿ ಹೇಳುವ ರೇಟು ನ್ಯಾಯವೇ ಎಂದು ಅಳೆಯಲು ಬೆಳೆಗಾರರ ಕೈಯಲ್ಲಿರುವ ಅತಿ ಗಟ್ಟಿ ಅಳತೆಗೋಲು ಈ ಪುಸ್ತಕವೇ.

ಹೆಡ್ಜ್ ಎಂಬ ಪದವೂ ಬೇಸಿಸ್ ಗೊತ್ತಾದಮೇಲೇ ಅರ್ಥವಾಗುತ್ತದೆ. ಹೆಡ್ಜ್ ಎಂದರೆ ಕೈಯಲ್ಲಿರುವ ಸರಕಿನ ದರ ಬಿದ್ದರೆ ಆಗುವ ನಷ್ಟಕ್ಕೆ ಇನ್ನೊಂದು ಕಡೆ ತಡೆ ಕಟ್ಟುವುದು. ಗಿಡದಲ್ಲಿ ಕಾಯಿ ಇರುವ ನೀವು ಹುಟ್ಟಾ "ಲಾಂಗ್", ಅಂದರೆ ದರ ಏರಿದರೆ ಲಾಭ, ಬಿದ್ದರೆ ನಷ್ಟ. ಅದಕ್ಕೆ ತಡೆಯೆಂದರೆ "ಶಾರ್ಟ್", ಅಂದರೆ ಫ್ಯೂಚರ್ಸ್ ಮೊದಲೇ ಮಾರಿಟ್ಟು ದರ ಬಿದ್ದರೆ ಅಲ್ಲಿ ಲಾಭ ಪಡೆಯುವ ಸ್ಥಾನ.

ಲೆಕ್ಕ ನೋಡಿ (ಇದು ತಿಳಿಯಲಷ್ಟೆ, ವ್ಯಕ್ತಿಯಾಗಿ ನೀವು ಲಂಡನ್‌ನಲ್ಲಿ ನೇರ ಇಳಿಯುವಂತಿಲ್ಲ, ವಿವರ ಒಂಬತ್ತನೇ ಹಂತದಲ್ಲಿದೆ). 20 ಟನ್ ಕ್ಲೀನ್ ಕಾಫಿಗೆ ಎರಡು ಲಾಟ್ ಲಂಡನ್‌ನಲ್ಲಿ 4,000ಕ್ಕೆ ಮಾರಿದ್ದಾಯಿತು. ಕೊಯ್ಲಿನ ಹೊತ್ತಿಗೆ ಲಂಡನ್ 3,500. ಫ್ಯೂಚರ್ಸ್‌ನಲ್ಲಿ ಟನ್ನಿಗೆ 500 ಡಾಲರ್ ಲಾಭ, ಕೆಜಿಗೆ 42.50 ರೂಪಾಯಿ. ಊರಿನ ದರ, ಲಂಡನ್‌ನ 297.50ರಿಂದ ಬೇಸಿಸ್ 20 ಕಳೆದು, 277.50. ಎರಡೂ ಸೇರಿಸಿ 320. ಮೊದಲು ಸಿಗುತ್ತಿದ್ದಷ್ಟೇ ಸಿಕ್ಕಿತು. ಆದರೆ ಬೇಸಿಸ್ ಮೈನಸ್ 20ರ ಬದಲು ಮೈನಸ್ 35 ಆಗಿದ್ದರೆ ಕೈಗೆ ಬರುವುದು 305. ಕೆಜಿಗೆ 15 ರೂಪಾಯಿ ಹೋದದ್ದಕ್ಕೆ ಲಂಡನ್ ಕಾರಣವಲ್ಲ. ಇದನ್ನೇ ಬೇಸಿಸ್ ರಿಸ್ಕ್ ಎನ್ನುತ್ತಾರೆ. ಹೆಡ್ಜ್ ಮಾಡಿದರೆ ದರದ ಅಪಾಯ ಹೋಗುತ್ತದೆ, ಬೇಸಿಸ್ ಅಪಾಯ ಉಳಿದೇ ಉಳಿಯುತ್ತದೆ. ಇಲ್ಲಿ ಡಾಲರ್ 85ಕ್ಕೇ ನಿಂತಿದೆ ಎಂದು ಹಿಡಿದೆವು. ರೂಪಾಯಿಯ ಏರಿಳಿತ ಬೇರೆಯೇ ಲೆಕ್ಕ.

5. ಫಾರ್ವರ್ಡ್ ಕಾಗದಕ್ಕೆ ಸಹಿ ಹಾಕುವ ಮುನ್ನ

ನಮ್ಮ ಕಡೆಯ ಹೆಚ್ಚಿನ ಬೆಳೆಗಾರರು ನಿಜವಾಗಿ ಮಾಡುವ ಡೆರಿವೇಟಿವ್ ಒಪ್ಪಂದ ಇದೊಂದೇ. ಕಾಗದದಲ್ಲಿ ಇವಿಷ್ಟನ್ನು ಹುಡುಕಿ. ಇಲ್ಲದಿದ್ದರೆ ಬರೆಸಿ.

ಪ್ರಮಾಣ ಚೀಲದಲ್ಲಿದೆಯೋ ಕ್ಲೀನ್ ಕೆಜಿಯಲ್ಲಿದೆಯೋ? ಔಟ್‌ಟರ್ನ್ ಆಧಾರದ ಮೇಲೆ ಬೆಲೆಯಾದರೆ ಆ ಪರೀಕ್ಷೆ ಎಲ್ಲಿ, ಯಾರ ಮುಂದೆ? ಮೊಹರು ಮಾಡಿದ ಒಂದು ಸ್ಯಾಂಪಲ್ ನಿಮ್ಮ ಬಳಿಯೂ ಉಳಿಯುತ್ತದೆಯೇ? ತೇವಾಂಶದ ಮಿತಿ ಎಷ್ಟು? ಪಾರ್ಚ್‌ಮೆಂಟಿಗೆ ಶೇ 10, ಅರೇಬಿಕಾ ಚೆರ್ರಿಗೆ ಶೇ 10.5, ರೊಬಸ್ಟಾ ಚೆರ್ರಿಗೆ ಶೇ 11 ರೂಢಿಯಲ್ಲಿರುವ ಪ್ರಮಾಣ. ಮೀರಿದರೆ ಎಷ್ಟು ಕಡಿತ ಎಂಬುದೂ ಬರಹದಲ್ಲಿರಬೇಕು. ಕಾಯಿಕೊರಕ ಹುಳು ತಿಂದ ಬೀಜದ ಮಿತಿ ಎಷ್ಟು? ಸರಕು ತೋಟದ ಬಾಗಿಲಲ್ಲಿ ಎತ್ತುತ್ತಾರೋ, ಕ್ಯೂರಿಂಗ್ ವರ್ಕ್ಸ್‌ಗೆ ನೀವೇ ಮುಟ್ಟಿಸಬೇಕೋ? ತೂಕವಾದ ಎಷ್ಟು ದಿನಕ್ಕೆ ಹಣ?

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು: ಬೆಳೆ ಕಡಿಮೆಯಾದರೆ ಏನು? ಹೂಮಳೆ ಸರಿಯಾಗಿ ಬಿತ್ತು, ಹೂಬಿಟ್ಟಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಕೈಕೊಟ್ಟಿತು, ಅಥವಾ ಕೊಯ್ಲಿನಲ್ಲಿ ಅಕಾಲಿಕ ಮಳೆ ಸುರಿದು ಹಣ್ಣು ನೆಲಕಚ್ಚಿತು ಎಂದುಕೊಳ್ಳಿ. 200 ಚೀಲಕ್ಕೆ ಒಪ್ಪಿ 140 ಮಾತ್ರ ಬಂದರೆ ಉಳಿದ 60 ಚೀಲವನ್ನು ಆ ದಿನದ ಮಾರುಕಟ್ಟೆ ದರದಲ್ಲಿ ಕೊಂಡು ಕೊಡಬೇಕು, ಇಲ್ಲವೇ ದರದ ವ್ಯತ್ಯಾಸ ತುಂಬಿಕೊಡಬೇಕು. ಬೆಳೆ ಕಡಿಮೆಯಾದ ವರ್ಷ ದರ ಏರಿರುವ ಸಂಭವವೂ ಇರುವುದರಿಂದ ಎರಡೂ ಕಡೆಯಿಂದ ಪೆಟ್ಟು ಬೀಳುತ್ತದೆ. ಪ್ರಕೃತಿ ವಿಕೋಪದ ಷರತ್ತು, ವ್ಯವಹಾರದ ಮಾತಿನಲ್ಲಿ ಫೋರ್ಸ್ ಮೆಜೂರ್, ಸ್ಪಷ್ಟವಾಗಿ ಇಲ್ಲದ ಕಾಗದಕ್ಕೆ ಸಹಿ ಹಾಕಬೇಡಿ. ನಮ್ಮ ಸಲಹೆ: ಕಾಯಿ ಕಚ್ಚಿ ನಿಲ್ಲುವವರೆಗೆ ನಿರೀಕ್ಷಿತ ಬೆಳೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮುಂಗಡ ಮಾರಬೇಡಿ. ಕೊಯ್ಲು ಶುರುವಾಗುವವರೆಗೆ ಅರ್ಧ ದಾಟಬೇಡಿ.

6. ರೇಟು ಆಮೇಲೆ ಗೊತ್ತುಮಾಡುವ ಒಪ್ಪಂದ

"ಲಂಡನ್ ಮಾರ್ಚ್ ಮೈನಸ್ 150" ಎಂದು ಬರೆದಿದ್ದರೆ ಅದರ ಅರ್ಥ ಹೀಗೆ: ಸರಕು ಈಗಲೇ ಅಥವಾ ನಿಗದಿತ ದಿನ ಕೊಡುತ್ತೀರಿ. ನೀವು "ಇವತ್ತು ಫಿಕ್ಸ್ ಮಾಡಿ" ಎಂದ ದಿನದ ಲಂಡನ್ ಮಾರ್ಚ್ ದರದಿಂದ 150 ಡಾಲರ್ ಕಳೆದದ್ದು ನಿಮ್ಮ ಬೆಲೆ. ಮೈನಸ್ 150 ಮಾತ್ರ ಖಚಿತ, ಉಳಿದದ್ದೆಲ್ಲ ತೆರೆದೇ ಇದೆ. ಸರಕು ಕೊಟ್ಟಾಯಿತು, ಇನ್ನು ದರದ ಚಿಂತೆಯಿಲ್ಲ ಎಂದು ಸುಮ್ಮನಾಗುವವರಿದ್ದಾರೆ. ಚಿಂತೆ ಶುರುವಾಗುವುದೇ ಆಗ.

ಮಾರ್ಚ್ ಒಪ್ಪಂದ ಮಾರ್ಚ್ ಕೊನೆಯವರೆಗೆ ಕಾಯುವುದಿಲ್ಲ. ಡೆಲಿವರಿಯ ನೋಟಿಸ್ ಕೊಡಬಹುದಾದ ಮೊದಲ ದಿನಕ್ಕೆ ಫಸ್ಟ್ ನೋಟಿಸ್ ಡೇ ಎನ್ನುತ್ತಾರೆ. ನ್ಯೂಯಾರ್ಕ್ ಅರೇಬಿಕಾದಲ್ಲಿ ಅದು ಡೆಲಿವರಿ ತಿಂಗಳ ಮೊದಲ ಕೆಲಸದ ದಿನಕ್ಕಿಂತ ಏಳು ಕೆಲಸದ ದಿನ ಮುಂಚೆ ಬರುತ್ತದೆ, ಅಂದರೆ ಮಾರ್ಚ್ ಒಪ್ಪಂದಕ್ಕೆ ಫೆಬ್ರವರಿಯ ಮೂರನೇ ವಾರದ ಸುಮಾರಿಗೆ. ಅಷ್ಟರೊಳಗೆ ಫಿಕ್ಸ್ ಮಾಡದಿದ್ದರೆ ವ್ಯಾಪಾರಿ ನಿಮ್ಮ ಲೆಕ್ಕವನ್ನು ಮೇ ತಿಂಗಳಿಗೆ ವರ್ಗಾಯಿಸುತ್ತಾರೆ. ಅದಕ್ಕೆ ರೋಲ್‌ಓವರ್ ಎಂದು ಹೆಸರು.

ಆಗ ಎರಡು ಪದ ಬೇಕಾಗುತ್ತವೆ. ದೂರದ ತಿಂಗಳ ದರ ಹತ್ತಿರದ ತಿಂಗಳಿಗಿಂತ ಹೆಚ್ಚಿದ್ದರೆ ಕಾಂಟ್ಯಾಂಗೊ, ಕಡಿಮೆಯಿದ್ದರೆ ಬ್ಯಾಕ್‌ವರ್ಡೇಶನ್. ಈಗಲೇ ಸರಕು ಬೇಕೆಂಬ ಒತ್ತಡ ಇರುವಾಗ ಬ್ಯಾಕ್‌ವರ್ಡೇಶನ್ ಕಾಣುತ್ತದೆ. ಮಾರ್ಚ್ 4,000, ಮೇ 3,920 ಇರುವಾಗ ರೋಲ್ ಆದರೆ ನಿಮಗೆ ಟನ್ನಿಗೆ 80 ಡಾಲರ್ ಖೋತಾ, 26 ಔಟ್‌ಟರ್ನ್ ಚೀಲಕ್ಕೆ ಸುಮಾರು 177 ರೂಪಾಯಿ. ಮೈನಸ್ 150ನ್ನು ಆಗ ಮೈನಸ್ 70ಕ್ಕೆ ಇಳಿಸುತ್ತಾರೋ ಇಲ್ಲವೋ ಎಂಬುದನ್ನು ಒಪ್ಪಂದದ ದಿನವೇ ಬರೆಸಿಕೊಳ್ಳಿ. ಫಿಕ್ಸ್ ಮಾಡಲು ಕೊನೆಯ ದಿನಾಂಕ ಯಾವುದು, ಫೋನಿನಲ್ಲಿ ಹೇಳಿದರೆ ಸಾಕೋ ಬರಹದಲ್ಲಿ ಬೇಕೋ, ಡಾಲರ್ ಲೆಕ್ಕಕ್ಕೆ ಯಾವ ದಿನದ ದರ ಎಂಬುದನ್ನೂ ಸೇರಿಸಿ. ಫೋನಿನಲ್ಲಿ ಫಿಕ್ಸ್ ಮಾಡಿದರೆ ತಕ್ಷಣವೇ ಒಂದು ಸಂದೇಶ ಕಳಿಸಿ "ಸರಿ" ಎಂಬ ಉತ್ತರ ಪಡೆದಿಟ್ಟುಕೊಳ್ಳಿ.

ರೇಟು ಗೊತ್ತುಮಾಡದೆ ಕಾಫಿಯನ್ನು ವ್ಯಾಪಾರಿಯ ಗೋದಾಮಿನಲ್ಲಿ ಬಿಟ್ಟು ಬರುವವರು ಇನ್ನೊಂದು ವಿಷಯ ಗಮನಿಸಬೇಕು. ಸರಕಿನ ಒಡೆತನ ಯಾವಾಗ ಕೈ ಬದಲಾಗುತ್ತದೆ ಎಂದು ರಸೀದಿಯಲ್ಲಿ ಇಲ್ಲದಿದ್ದರೆ, ಆ ವ್ಯಾಪಾರಿ ದಿವಾಳಿಯಾದ ದಿನ ನೀವು ಭದ್ರತೆಯಿಲ್ಲದೆ ಸಾಲ ಕೊಟ್ಟವರ ಸಾಲಿನಲ್ಲಿ ನಿಲ್ಲಬೇಕಾಗಬಹುದು. "ಬೆಳೆಗಾರರ ಸ್ವತ್ತು, ಸಂಗ್ರಹಕ್ಕಾಗಿ ಮಾತ್ರ" ಎಂಬ ಒಕ್ಕಣೆ ಇರುವ ಗೋದಾಮು ರಸೀದಿ ಕೇಳಿ. ಮನೆತನದ ಪರಿಚಯ, ಹತ್ತಾರು ವರ್ಷದ ನಂಟು ಇದ್ದರೂ ಕೇಳಿ.

7. ಮಾರ್ಜಿನ್: ಲೆಕ್ಕ ಸರಿಯಿದ್ದರೂ ಮುಳುಗಿಸುವ ಪದ

ಫ್ಯೂಚರ್ಸ್ ವ್ಯವಹಾರಕ್ಕೆ ಪೂರ್ತಿ ಬೆಲೆ ಕೊಡಬೇಕಿಲ್ಲ. ಒಂದು ಭಾಗವನ್ನು ಠೇವಣಿ ಇಟ್ಟರೆ ಸಾಕು. ಅದು ಇನಿಶಿಯಲ್ ಮಾರ್ಜಿನ್, ಆರಂಭದ ಠೇವಣಿ. ಒಪ್ಪಂದದ ಪೂರ್ತಿ ಬೆಲೆಗೆ ನೋಷನಲ್ ಮೌಲ್ಯ ಎನ್ನುತ್ತಾರೆ. 4,000 ಡಾಲರಿನ ಒಂದು ಲಂಡನ್ ಲಾಟಿಗೆ ಅದು 40,000 ಡಾಲರ್, 34 ಲಕ್ಷ ರೂಪಾಯಿ. ಸಣ್ಣ ಠೇವಣಿಯಲ್ಲಿ ಅಷ್ಟು ದೊಡ್ಡ ಮೌಲ್ಯ ಹಿಡಿಯುವುದೇ ಲೆವರೇಜ್.

ಪ್ರತಿ ರಾತ್ರಿ ಸೆಟಲ್‌ಮೆಂಟ್ ದರಕ್ಕೆ ನಿಮ್ಮ ಲಾಭ-ನಷ್ಟ ಲೆಕ್ಕ ಹಾಕಿ, ಹಣ ಅಂದೇ ಖಾತೆಗೆ ಜಮಾ ಅಥವಾ ಖರ್ಚು ಹಾಕುವುದು ಮಾರ್ಕ್ ಟು ಮಾರ್ಕೆಟ್. ಠೇವಣಿ ಒಂದು ಕನಿಷ್ಠ ಮಟ್ಟಕ್ಕಿಂತ, ಅಂದರೆ ಮೇಂಟೆನೆನ್ಸ್ ಮಾರ್ಜಿನ್‌ಗಿಂತ, ಕೆಳಗಿಳಿದರೆ "ಇನ್ನಷ್ಟು ಹಾಕಿ" ಎಂಬ ಕರೆ ಬರುತ್ತದೆ. ಅದು ಮಾರ್ಜಿನ್ ಕಾಲ್. ಹೇಳಿದ ಹೊತ್ತಿಗೆ ಹಾಕದಿದ್ದರೆ ಬ್ರೋಕರ್ ನಿಮ್ಮನ್ನು ಕೇಳದೆ ಸ್ಥಾನ ಮುಚ್ಚುತ್ತಾರೆ, ಅದಕ್ಕೆ ಸ್ಕ್ವೇರ್ ಆಫ್ ಎಂದು ಹೆಸರು.

ಹೆಡ್ಜ್ ಮಾಡಿದವರನ್ನೂ ಇದು ಹೇಗೆ ಹಿಂಡುತ್ತದೆ ನೋಡಿ. ಎರಡು ಲಾಟ್ 4,000ಕ್ಕೆ ಮಾರಿ ಕುಳಿತಿದ್ದಾಗ ಲಂಡನ್ 5,000ಕ್ಕೆ ಏರಿತು. ಗಿಡದಲ್ಲಿರುವ ಕಾಫಿಯ ಬೆಲೆಯೂ ಅಷ್ಟೇ ಏರಿದೆ, ಹಾಗಾಗಿ ಒಟ್ಟು ಲೆಕ್ಕದಲ್ಲಿ ನಷ್ಟವಿಲ್ಲ. ಆದರೆ ಫ್ಯೂಚರ್ಸ್ ಖಾತೆಗೆ 20,000 ಡಾಲರ್, 17 ಲಕ್ಷ ರೂಪಾಯಿ, ಈಗಲೇ ಕಟ್ಟಬೇಕು. ಕಾಫಿಯ ಹಣ ಬರುವುದು ಕೊಯ್ದು, ಒಣಗಿಸಿ, ಮಾರಿದಮೇಲೆ. ನಡುವಿನ ತಿಂಗಳುಗಳಿಗೆ ನಗದು ಇಲ್ಲದಿದ್ದರೆ ಸ್ಥಾನ ಕೈತಪ್ಪುತ್ತದೆ, ಆಮೇಲೆ ದರ ಇಳಿದರೆ ಎರಡೂ ಹೋಯಿತು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಅರೇಬಿಕಾ ಮೊದಲ ಬಾರಿಗೆ ಪೌಂಡಿಗೆ 400 ಸೆಂಟ್ ದಾಟಿತು. ಆ ಏರಿಕೆಯ ಹಾದಿಯಲ್ಲಿ ಗೋದಾಮು ತುಂಬ ಕಾಫಿ ಇಟ್ಟುಕೊಂಡಿದ್ದ ವ್ಯಾಪಾರಸ್ಥರಿಗೂ ಮಾರ್ಜಿನ್ ಹಣ ಹೊಂದಿಸುವುದು ಕಷ್ಟವಾಯಿತು. ನಿಮ್ಮ ವ್ಯಾಪಾರಿ ದರ ಜೋರಾಗಿ ಏರಿದ ವಾರ ಖರೀದಿ ನಿಧಾನ ಮಾಡಿದರೆ ಅಥವಾ ಹಣ ಕೊಡಲು ಸಮಯ ಕೇಳಿದರೆ ಕಾರಣ ಇದೂ ಇರಬಹುದು.

8. ಆಪ್ಷನ್ ಪದಗಳು

ಕಾಲ್ ಎಂದರೆ ನಿಗದಿತ ದರಕ್ಕೆ ಕೊಳ್ಳುವ ಹಕ್ಕು. ಪುಟ್ ಎಂದರೆ ನಿಗದಿತ ದರಕ್ಕೆ ಮಾರುವ ಹಕ್ಕು. ಆ ನಿಗದಿತ ದರ ಸ್ಟ್ರೈಕ್. ಹಕ್ಕಿಗಾಗಿ ಕೊಡುವ ಹಣ ಪ್ರೀಮಿಯಂ, ಅದು ಮರಳಿ ಬರುವುದಿಲ್ಲ. ಹಕ್ಕು ಸಾಯುವ ದಿನ ಎಕ್ಸ್‌ಪೈರಿ. ಬೆಳೆಗಾರರಿಗೆ ಸಂಬಂಧಿಸಿದ್ದು ಪುಟ್. ಬೆಳೆ ವಿಮೆಯ ಕಂತಿನ ಹಾಗೆ, ಆಪತ್ತು ಬರದಿದ್ದರೆ ಕಟ್ಟಿದ್ದು ಹೋಯಿತು, ಬಂದರೆ ಕೈ ಹಿಡಿಯುತ್ತದೆ.

ಲಂಡನ್ 4,000 ಇರುವಾಗ 3,800ರ ಪುಟ್‌ಗೆ ಟನ್ನಿಗೆ 150 ಡಾಲರ್ ಪ್ರೀಮಿಯಂ ಎನ್ನೋಣ. ಲಾಟಿಗೆ 1,500 ಡಾಲರ್, 1,27,500 ರೂಪಾಯಿ. ಕೊನೆಗೆ ಲಂಡನ್ 3,300ಕ್ಕೆ ಬಿದ್ದರೆ ಪುಟ್ 500 ಕೊಡುತ್ತದೆ, ಪ್ರೀಮಿಯಂ ಕಳೆದು 350 ಉಳಿಯುತ್ತದೆ. 4,600ಕ್ಕೆ ಏರಿದರೆ ಪುಟ್ ಸತ್ತಿತು, 150 ಹೋಯಿತು, ಆದರೆ ಕಾಫಿಯನ್ನು ಏರಿದ ದರಕ್ಕೇ ಮಾರುತ್ತೀರಿ. ಮಾರ್ಜಿನ್ ಕಾಲ್ ಬರುವುದೇ ಇಲ್ಲ. ರಫ್ತುದಾರರು "ಕನಿಷ್ಠ ದರ ಗ್ಯಾರಂಟಿ, ಏರಿದರೆ ಹೆಚ್ಚು" ಎಂಬ ಒಪ್ಪಂದ ಮುಂದಿಟ್ಟರೆ ಅದರ ಹೊಟ್ಟೆಯಲ್ಲಿ ಇಂಥದೊಂದು ಪುಟ್ ಇರುತ್ತದೆ, ಅದರ ಪ್ರೀಮಿಯಂ ನಿಮ್ಮ ರೇಟಿನಲ್ಲೇ ಕಳೆದಿರುತ್ತದೆ. ಎಷ್ಟು ಕಳೆದಿದ್ದೀರಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಈಗಲೇ ಬಳಸಿದರೆ ಲಾಭ ಕೊಡುವ ಆಪ್ಷನ್ ಇನ್ ದ ಮನಿ, ಕೊಡದಿದ್ದರೆ ಔಟ್ ಆಫ್ ದ ಮನಿ, ಸ್ಟ್ರೈಕೂ ಮಾರುಕಟ್ಟೆ ದರವೂ ಒಂದೇ ಆಗಿದ್ದರೆ ಅಟ್ ದ ಮನಿ. ಈಗಲೇ ಸಿಗುವ ಲಾಭದ ಮೊತ್ತ ಇಂಟ್ರಿನ್ಸಿಕ್ ಮೌಲ್ಯ, ಪ್ರೀಮಿಯಂನಲ್ಲಿ ಅದು ಕಳೆದು ಉಳಿದದ್ದು ಟೈಮ್ ವ್ಯಾಲ್ಯೂ. ಮೇಲಿನ ಪುಟ್ ಕೊಂಡ ದಿನ ಔಟ್ ಆಫ್ ದ ಮನಿ, 150 ಪೂರ್ತಿ ಟೈಮ್ ವ್ಯಾಲ್ಯೂ. ಅದು ದಿನದಿಂದ ದಿನಕ್ಕೆ ಕರಗುತ್ತದೆ, ಆ ಕರಗುವ ವೇಗಕ್ಕೆ ಥೀಟಾ ಎಂದು ಹೆಸರು. ಆಧಾರದ ದರ ಒಂದು ರೂಪಾಯಿ ಸರಿದರೆ ಪ್ರೀಮಿಯಂ ಎಷ್ಟು ಸರಿಯುತ್ತದೆ ಎಂಬುದು ಡೆಲ್ಟಾ. ಮುಂದೆ ದರ ಎಷ್ಟು ಏರಿಳಿಯಬಹುದೆಂದು ಮಾರುಕಟ್ಟೆ ಊಹಿಸಿ ಪ್ರೀಮಿಯಂನಲ್ಲಿ ಸೇರಿಸಿರುವ ಅಂದಾಜು ಇಂಪ್ಲೈಡ್ ವೊಲಾಟಿಲಿಟಿ. ಬ್ರೆಜಿಲ್‌ನ ಚಳಿಗಾಲ ನಮ್ಮ ಜೂನ್‌ನಿಂದ ಆಗಸ್ಟ್. 1975 ಮತ್ತು 2021ರ ಜುಲೈಗಳಲ್ಲಿ ಅಲ್ಲಿನ ತೋಟಗಳು ಹಿಮಕ್ಕೆ ಸುಟ್ಟ ನೆನಪು ಮಾರುಕಟ್ಟೆಗಿದೆ, ಹಾಗಾಗಿ ಆ ಹೊತ್ತಿಗೆ ಈ ಅಂದಾಜು ಏರಿ ಪ್ರೀಮಿಯಂ ದುಬಾರಿಯಾಗುವುದುಂಟು.

ಆಪ್ಷನ್ ಮಾರುವವರನ್ನು ರೈಟರ್ ಎನ್ನುತ್ತಾರೆ. ಅವರಿಗೆ ಸಿಗುವುದು ಪ್ರೀಮಿಯಂ ಮಾತ್ರ, ಹೊಣೆ ಮಾತ್ರ ಅದರ ಎಷ್ಟೋ ಪಟ್ಟು, ಮಾರ್ಜಿನ್ ಕೂಡ ಅವರೇ ಕಟ್ಟಬೇಕು. "ತಿಂಗಳಿಗೆ ಖಚಿತ ಆದಾಯ" ಎಂದು ಮೊಬೈಲಿನಲ್ಲಿ ಹುಡುಗರಿಗೆ ಹೇಳಿಕೊಡುವುದು ಹೆಚ್ಚಾಗಿ ಇದನ್ನೇ. ಷೇರು ಮಾರುಕಟ್ಟೆ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಷೇರು ಡೆರಿವೇಟಿವ್ ವ್ಯವಹಾರ ಮಾಡಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇ 93 ಮಂದಿ ನಷ್ಟ ಅನುಭವಿಸಿದರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತ್ತು. ತೋಟದ ಹಣ ಆ ಕಡೆ ಹರಿಯುತ್ತಿದ್ದರೆ ಮನೆಯವರು ಕುಳಿತು ಮಾತಾಡಿ.

ಅಲ್ಲಿ ಇನ್ನೊಂದು ಗುಂಡಿಯಿದೆ. ನಿಫ್ಟಿ ಆಪ್ಷನ್ ಹಣದಲ್ಲಿ ಚುಕ್ತಾ ಆಗುತ್ತದೆ, ಅದು ಕ್ಯಾಶ್ ಸೆಟಲ್‌ಮೆಂಟ್. ಬಿಡಿ ಕಂಪನಿಗಳ ಷೇರಿನ ಫ್ಯೂಚರ್ಸ್, ಆಪ್ಷನ್ ಎಕ್ಸ್‌ಪೈರಿವರೆಗೆ ಉಳಿದರೆ ಷೇರನ್ನೇ ಕೊಡು-ಕೊಳ್ಳಬೇಕು, ಅದು ಫಿಸಿಕಲ್ ಸೆಟಲ್‌ಮೆಂಟ್. ಸಾವಿರ ರೂಪಾಯಿಗೆ ಕೊಂಡ ಆಪ್ಷನ್ ಇನ್ ದ ಮನಿ ಆಗಿ ಮುಗಿದರೆ ಪೂರ್ತಿ ಲಾಟಿನ ಷೇರಿಗೆ ಲಕ್ಷಗಟ್ಟಲೆ ಹೊಂದಿಸಬೇಕಾಗುತ್ತದೆ.

9. ಎಲ್ಲಿ ಮಾಡಬಹುದು, ಎಲ್ಲಿ ಕೂಡದು

ಲಂಡನ್, ನ್ಯೂಯಾರ್ಕ್ ಫ್ಯೂಚರ್ಸ್‌ನಲ್ಲಿ ವ್ಯಕ್ತಿಯಾಗಿ ನೀವು ನೇರ ಇಳಿಯುವಂತಿಲ್ಲ. ವಿದೇಶಕ್ಕೆ ಹಣ ಕಳಿಸಲು ವ್ಯಕ್ತಿಗಳಿಗಿರುವ ಎಲ್‌ಆರ್‌ಎಸ್ ಸೌಲಭ್ಯದಲ್ಲಿ ವಿದೇಶಿ ವಿನಿಮಯ ಕೇಂದ್ರಗಳಿಗೆ ಮಾರ್ಜಿನ್ ಕಟ್ಟುವುದನ್ನು ರಿಸರ್ವ್ ಬ್ಯಾಂಕ್ ನಿಷೇಧಿಸಿದೆ. ಸರಕಿನ ದರದ ಅಪಾಯವಿರುವ ಕಂಪನಿಗಳು, ಸಂಸ್ಥೆಗಳು ಬ್ಯಾಂಕಿನ ಮೂಲಕ, ನಿಯಮಕ್ಕೊಳಪಟ್ಟು ವಿದೇಶದಲ್ಲಿ ಹೆಡ್ಜ್ ಮಾಡಬಹುದು. ಆ ಹೆಡ್ಜ್‌ನ ಫಲವೇ ರಫ್ತುದಾರರು ನಿಮಗೆ ಕೊಡುವ ಫಾರ್ವರ್ಡ್ ದರ. ಆದ್ದರಿಂದ "ಕಾಫಿ ಟ್ರೇಡ್ ಮಾಡಿ" ಎಂದು ಜಾಹೀರಾತು ಕೊಡುವ ವಿದೇಶಿ ಆ್ಯಪ್‌ಗಳಿಗೆ ಹಣ ಹಾಕಬೇಡಿ. ಅನುಮತಿಯಿಲ್ಲದ ವೇದಿಕೆಗಳ ಎಚ್ಚರಿಕೆ ಪಟ್ಟಿ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿದೆ. ಪಟ್ಟಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಅನುಮತಿ ಇದೆ ಎಂದಲ್ಲ.

ದೇಶದೊಳಗಿನ ಸರಕು ಡೆರಿವೇಟಿವ್‌ಗಳು 2015ರ ಸೆಪ್ಟೆಂಬರ್‌ನಿಂದ ಸೆಬಿ ಕೈಕೆಳಗಿವೆ. ಬ್ರೋಕರ್‌ನ ಸೆಬಿ ನೋಂದಣಿ ಸಂಖ್ಯೆಯನ್ನು ಸೆಬಿ ಜಾಲತಾಣದಲ್ಲೇ ತಾಳೆ ನೋಡಿ, ಅವರೇ ಕಳಿಸಿದ ಲಿಂಕ್‌ನಲ್ಲಿ ಬೇಡ. ಪ್ರತಿ ವಹಿವಾಟಿಗೆ ಕಾಂಟ್ರ್ಯಾಕ್ಟ್ ನೋಟ್, ಅಂದರೆ ದರ, ಸಮಯ, ಶುಲ್ಕ ನಮೂದಿಸಿದ ಅಧಿಕೃತ ಚೀಟಿ, ಬರಲೇಬೇಕು. ಅದಿಲ್ಲದೆ, ನಗದಿನಲ್ಲಿ, "ಮಾರ್ಜಿನ್ ಕಡಿಮೆ, ತೆರಿಗೆ ಇಲ್ಲ" ಎಂದು ನಡೆಯುವುದು ಡಬ್ಬಾ ಟ್ರೇಡಿಂಗ್. ಆರ್ಡರ್ ವಿನಿಮಯ ಕೇಂದ್ರಕ್ಕೆ ಹೋಗುವುದೇ ಇಲ್ಲ, ಅದು ಕಾನೂನುಬಾಹಿರ, ಗೆದ್ದ ಹಣ ಕೊಡದಿದ್ದರೆ ಕೇಳಲು ಜಾಗವಿಲ್ಲ. ನೋಂದಾಯಿತ ಬ್ರೋಕರ್ ಮೇಲಿನ ದೂರಿಗೆ ಸೆಬಿಯ ಸ್ಕೋರ್ಸ್ ಪೋರ್ಟಲ್ ಇದೆ.

10. ಲೆಕ್ಕಪತ್ರ

ಸರಕು ನಿಜಕ್ಕೂ ಕೊಟ್ಟು ಮುಗಿಸಿದ ಫಾರ್ವರ್ಡ್ ಒಪ್ಪಂದ ತೆರಿಗೆ ಲೆಕ್ಕದಲ್ಲಿ ಕಾಫಿ ಮಾರಾಟವೇ. ವಿನಿಮಯ ಕೇಂದ್ರದ ಫ್ಯೂಚರ್ಸ್, ಆಪ್ಷನ್‌ಗಳ ಲಾಭ ಕೃಷಿ ಆದಾಯ ಆಗುವುದಿಲ್ಲ, ಅದು ವ್ಯವಹಾರದ ಆದಾಯ, ಸಾಮಾನ್ಯವಾಗಿ ಐಟಿಆರ್-3 ಎಂಬ ತೆರಿಗೆ ರಿಟರ್ನ್ ನಮೂನೆಯಲ್ಲಿ ತೋರಿಸಬೇಕು. ನಷ್ಟವಾಗಿದ್ದರೂ ಗಡುವಿನೊಳಗೆ ರಿಟರ್ನ್ ಸಲ್ಲಿಸಿದರೆ ಮಾತ್ರ ಆ ನಷ್ಟವನ್ನು ಮುಂದಿನ ಎಂಟು ವರ್ಷದ ವ್ಯವಹಾರ ಲಾಭಕ್ಕೆ ಹೊಂದಿಸಿಕೊಳ್ಳಬಹುದು. ಲೆಕ್ಕಪರಿಶೋಧಕರ ಬಳಿ ಹೋಗುವಾಗ ಕಾಂಟ್ರ್ಯಾಕ್ಟ್ ನೋಟ್‌ಗಳು, ಮಾರ್ಜಿನ್ ಖಾತೆಯ ಲೆಡ್ಜರ್, ಫಾರ್ವರ್ಡ್ ಒಪ್ಪಂದದ ಪ್ರತಿ, ತೂಕದ ಚೀಟಿ ಮತ್ತು ಔಟ್‌ಟರ್ನ್ ವರದಿ ಇವಿಷ್ಟೂ ಒಂದೇ ಫೈಲಿನಲ್ಲಿರಲಿ.